ಕದ ಮುಚ್ಚುವ ಮುನ್ನ ಬನ್ನಿ

ಕಳೆದ ಚಳಿಗಾಲದ ಮೊದಲಲ್ಲಿ ಬೆಳಗಾವಿಯಿಂದ ಚಿಕ್ಕೋಡಿಯ ಕಡೆ ಒಂದು ಮದುವೆಗೆ ಹೊರಟಿದ್ದೆ. ಸಕ್ಕರೆ ಕಾರ್ಖಾನೆಯೊಂದರ ಎದುರು ಕಬ್ಬಿನ ಟ್ರ್ಯಾಕ್ಟರುಗಳ ಸಾಲಿಗೆ ಸಿಕ್ಕಿ ಕಾರು ನಿಂತಿತು. ಕಿಟಕಿಯ ಗಾಜು ಇಳಿಸಿದೆ. ಕುದಿಯುವ ರಸದ ಸಿಹಿ, ಆ ಸಿಹಿಯ ಅಡಿಯಲ್ಲಿ ತುಸು ಹಸಿಮಣ್ಣಿನ, ತುಸು ಕೊಳೆತದ್ದರ ವಾಸನೆ. ಡ್ರೈವರ್ ಮೂಗು ಮುಚ್ಚಿಕೊಂಡ. ನಾನು ಇನ್ನಷ್ಟು ಎಳೆದುಕೊಂಡೆ. ಇಪ್ಪತ್ತು ವರ್ಷಗಳ ಹಿಂದೆ, ಡ್ಯಾನ್ಯೂಬ್ ನದಿಯ ದಂಡೆಯ ರೇಗನ್ಸ್‌ಬರ್ಗ್ ಊರಿನ ಪೂರ್ವದ ಬಡಾವಣೆಯಲ್ಲಿ ಅಕ್ಟೋಬರ್ ಬಂತೆಂದರೆ ಇದೇ ವಾಸನೆ ಮನೆಮನೆಯ ಪರದೆಗಳಿಗೆ ಹತ್ತಿಕೊಳ್ಳುತ್ತಿತ್ತು. ಅಲ್ಲಿ ಕಬ್ಬಿಲ್ಲ, ಬಿಳಿಯ ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆಯುತ್ತಿದ್ದರು. "ಇಲ್ಲೆ ಬಾ ರಾಹೇಲ, ನಮ್ಮ ಕಡೆ ಗಾಣದ ಮನೀ ವಾಸನಿ ಬರಾಕ್ಹತ್ತೇದ" ಎಂದು ಅಡುಗೆಮನೆಯ ಕಿಟಕಿ ತೆರೆದು ನಿಲ್ಲುತ್ತಿದ್ದವಳು ಸುಮಂಗಲಾ. ಅವಳ ಜೊತೆಗಿನ ಒಂದು ವರ್ಷ ಟ್ರ್ಯಾಕ್ಟರುಗಳ ಹಿಂದೆ ಕುಳಿತಲ್ಲೇ ಕಣ್ಣೆದುರು ಬಂತು. ಆ ವರ್ಷದ ಬಹುಪಾಲು ನಾವಿಬ್ಬರೂ ಮಾತಾಡಿರಲಿಲ್ಲ.

ನಾನು ಹುಬ್ಬಳ್ಳಿಯ ರೈಲ್ವೆ ಕಾಲೊನಿಯಲ್ಲಿ ಹುಟ್ಟಿದವಳು. ನಮ್ಮದು ಯಹೂದಿ ಮನೆತನ. ಹುಬ್ಬಳ್ಳಿಯಲ್ಲಿ ಯಹೂದಿಗಳೇ ಎಂದು ಹೊರಗಿನವರು ಹುಬ್ಬೇರಿಸುತ್ತಾರೆ. ಕೊಂಕಣದ ಕರಾವಳಿಯಲ್ಲಿ ತಲೆಮಾರುಗಳಿಂದ ಎಣ್ಣೆಗಾಣ ತಿರುಗಿಸಿಕೊಂಡಿದ್ದು, ಶನಿವಾರ ಮಾತ್ರ ಗಾಣ ಮುಟ್ಟದಿದ್ದ ನಮ್ಮ ಜನ, ರೈಲು ಬಂದ ಮೇಲೆ ನೌಕರಿ ಹಿಡಿದು ಘಟ್ಟ ಹತ್ತಿದರು. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಕಾಲೊನಿಯಲ್ಲಿ ನಮ್ಮ ಮನೆಗೆ "ಶನಿವಾರದವರ ಮನಿ" ಎನ್ನುತ್ತಿದ್ದರು. ಅದು ಬೈಗುಳವಾಗಿರಲಿಲ್ಲ, ಹಾಲಿನವನಿಗೆ ಹೇಳುವ ಗುರುತಾಗಿತ್ತು. ಅವ್ವ ನಾನು ಇಂಜಿನಿಯರಿಂಗ್ ಓದುವಾಗಲೇ ತೀರಿಕೊಂಡಳು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತರಾಗಿದ್ದರು.

ಆಗ ಜರ್ಮನಿಯೂ ಒಂದು ಗ್ರೀನ್ ಕಾರ್ಡ್ ತೆಗೆದು ಕಂಪ್ಯೂಟರ್ ಕಲಿತವರನ್ನು ಕರೆಯುತ್ತಿತ್ತು. ನನಗೂ ಕೆಲಸ ಸಿಕ್ಕಿತು. ಹೊರಡುವ ದಿನ ಅಪ್ಪ ಪ್ಲಾಟ್‌ಫಾರ್ಮಿನಲ್ಲಿ ನನ್ನ ಸೂಟ್‌ಕೇಸಿನ ಮೇಲೆ ಕೈಯಿಟ್ಟು ನಿಂತು, "ಬೇರೆ ದೇಶ ಸಿಗಲಿಲ್ಲವಾ ನಿನಗೆ" ಎಂದು ಮರಾಠಿಯಲ್ಲಿ ಕೇಳಿದರು. ಆಮೇಲೆ, ಗಾಡಿ ಅಲುಗಿದಾಗ, "ಅಲ್ಲಿ ಯಾರ ಮುಂದೆಯೂ ಬಾಯಿ ಬಿಡಬೇಡ. ಹುಬ್ಬಳ್ಳಿ ಬೇರೆ, ಜರ್ಮನಿ ಬೇರೆ" ಎಂದರು. ಅವರು ಹಾಗೆ ಹೇಳಿದ್ದೇಕೆಂದು ನನಗೆ ಗೊತ್ತಿತ್ತು. ಆ ದೇಶ ಯಹೂದಿಗಳಿಗೆ ಮಾಡಿದ್ದು ಜಗತ್ತಿಗೆಲ್ಲ ಗೊತ್ತಿತ್ತು.

ರೇಗನ್ಸ್‌ಬರ್ಗಿನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ನನಗೆ ಕೆಲಸ. ಅಲ್ಲೇ ಬ್ರೇಕಿನ ವಿಭಾಗದಲ್ಲಿ ಗದಗಿನ ಬಸವರಾಜ ಇದ್ದರು. ವಿಳಾಸ ನೋಂದಾಯಿಸುವ ಆನ್‌ಮೆಲ್ಡುಂಗ್ ಅರ್ಜಿ ತುಂಬಲು ನನ್ನ ಜೊತೆ ಕಚೇರಿಗೆ ಬಂದವರು ಅವರೇ. ಅರ್ಜಿಯಲ್ಲಿ ಧರ್ಮ ಯಾವುದೆಂಬ ಕಾಲಂ ಇತ್ತು. ನನ್ನ ಪೆನ್ನು ನಿಂತದ್ದು ನೋಡಿ ಬಸವರಾಜ, "ಅಲ್ಲೊಂದು ಗೆರಿ ಎಳದ ಬಿಡ್ರಿ. ಏನರ ಬರದ್ರ ಚರ್ಚ್ ಟ್ಯಾಕ್ಸ್ ಅಂತ ಹಿಡಕೊಂಡ ಬಿಡ್ತಾರ" ಎಂದರು. ಗೆರೆ ಎಳೆದೆ. ಎಷ್ಟು ಸುಲಭವಾಗಿತ್ತೆಂದರೆ ಹೊರಗೆ ಬಂದಾಗ ನನಗೆ ಹಗುರವೆನಿಸಿತು.

ಅಂದು ಮಧ್ಯಾಹ್ನ ಅವರು ತಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ಬಾಗಿಲು ತೆರೆದ ಸುಮಂಗಲಾ ನನ್ನ ಹೆಸರು ಕೇಳಿ, "ರಾಹೇಲ. ಕ್ರಿಶ್ಚನ್ನರೇನು?" ಎಂದಳು. ನಾನು ತಲೆಯಾಡಿಸಿದೆ. ಹೌದು ಎಂದಂತೆಯೂ ಇತ್ತು, ಅಲ್ಲ ಎಂದಂತೆಯೂ ಇತ್ತು. ಅವಳು ಹೌದು ಎಂದುಕೊಂಡಳು. ಡಿಸೆಂಬರಿನಲ್ಲಿ, "ನಿಮ್ಮ ಹಬ್ಬಕ್ಕ ಕೇಕ್ ಮಾಡಂಗಿಲ್ಲೇನು?" ಎಂದು ಕೇಳಿದಾಗ ಅಂಗಡಿಯಿಂದ ಪುಡಿ ತಂದು, ಜೀವಮಾನದಲ್ಲಿ ಮೊದಲ ಸಲ, ಕ್ರಿಸ್‌ಮಸ್ ಕೇಕ್ ಮಾಡಿ ಒಯ್ದು ಕೊಟ್ಟೆ. ನಡುವೆ ತಗ್ಗು ಬಿದ್ದಿತ್ತು. ಅವಳು ಆ ತಗ್ಗಿಗೆ ತುಪ್ಪ ಹಾಕಿ ತಿಂದಳು.

ಅವಳು ನನಗಿಂತ ಐದಾರು ವರ್ಷ ದೊಡ್ಡವಳು. ಅವಳ ಮಗಳು ಪೂಜಾ ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರಿಸುವ, ನನ್ನನ್ನು ರಾಹೇಲ್ ಟಾಂಟೆ, ಅಂದರೆ ಅತ್ತೆ, ಎಂದು ಕರೆಯುವ ಹುಡುಗಿ. ಸುಮಂಗಲಾಳಿಗೆ ಜರ್ಮನ್ ಬಾರದು, ಬಸವರಾಜರದು ಆಫೀಸಿನ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಸಂಜೆ ತರಗತಿಗೆ ಹೋಗಿ ಜರ್ಮನ್ ಕಲಿತವಳು ನಾನು, ಭಾಷೆ ಬೇಕಾದಲ್ಲೆಲ್ಲ ನಾನೇ ಹೋಗುತ್ತಿದ್ದೆ. ಬದಲಿಗೆ ಅವಳ ಮನೆಯ ಎಲ್ಲ ಹಬ್ಬಗಳೂ ನನ್ನವಾದವು. ಅಲ್ಲಿನ ಮೊದಲ ದಸರೆಗೆ ಬನ್ನಿ ಎಲ್ಲಿ ತರುವುದೆಂದು ಯೋಚಿಸಿ, ಬಸವರಾಜ ಹೊಳೆದಂಡೆಯಲ್ಲಿ ಬೆಳೆದ ರೊಬೀನಿಯಾ ಗಿಡದ ಎಲೆ ಕಿತ್ತು ತಂದಿದ್ದರು. ಗರಿಗರಿಯಾಗಿ ಬನ್ನಿಯನ್ನೇ ಹೋಲುವ ಎಲೆ, ರೆಂಬೆಗೆ ಮುಳ್ಳು ಬೇರೆ, ಶರತ್ಕಾಲಕ್ಕೆ ಹಳದಿ. "ನಮ್ಮ ಬನ್ನಿಗಿಂತ ಇದ ಖರೇ ಬಂಗಾರ" ಎಂದು ಸುಮಂಗಲಾ ನಕ್ಕಿದ್ದಳು. ಎಲೆ ಕೈಗಿಟ್ಟು, "ಬನ್ನಿ ತೊಗೊಂಡು ಬಂಗಾರಧಂಗ ಇರೋಣ" ಎಂದು ಅವಳು ಅಂದಾಗ ನನಗೆ ಕಾಲೊನಿಯ ಸಂಜೆಗಳು ನೆನಪಾಗಿದ್ದವು. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ನಾನು ನೆನೆಯುವ ವರ್ಷ ಶುರುವಾದದ್ದು ಅಲ್ಲಿನ ನನ್ನ ಮೂರನೆಯ ವಸಂತದಲ್ಲಿ. ಹಳೆಯ ಪೇಟೆಯ ಒಂದು ಸಂದಿಯಲ್ಲಿ ಯಾವಾಗಲೂ ಪೊಲೀಸ್ ಕಾರೊಂದು ನಿಂತಿರುವುದನ್ನು ಗಮನಿಸಿದ್ದೆ. ಒಂದು ದಿನ ಅದರ ಎದುರಿನ ಬಾಗಿಲ ಮೇಲಿನ ಹೀಬ್ರೂ ಅಕ್ಷರ ಓದಿದೆ. ಯಹೂದಿಗಳ ಪ್ರಾರ್ಥನಾಮಂದಿರ, ಆ ಕಾರು ಅದರ ಕಾವಲಿಗೆ. ಆರು ವಾರ ಆ ಸಂದಿಯಲ್ಲಿ ಸುಮ್ಮನೆ ಹಾದುಹೋದೆ. ಏಳನೆಯ ವಾರ ಗಂಟೆ ಒತ್ತಿದೆ. ಒಳಗಿನಿಂದ ಮುದುಕಿಯೊಬ್ಬಳ ದನಿ, ಒಡಕು ಜರ್ಮನ್‌ನಲ್ಲಿ ಯಾರೆಂದು ಕೇಳಿತು. ಯಹೂದಿ, ಭಾರತದವಳು ಎಂದೆ. ಬಾಗಿಲು ಅರ್ಧ ತೆರೆಯಿತು. ಆಕೆ ನನ್ನ ಬಣ್ಣ ನೋಡಿದಳು, ಪಾಸ್‌ಪೋರ್ಟ್ ನೋಡಿದಳು, ನಂಬಿಕೆ ಬರಲಿಲ್ಲ. "ಏನಾದರೂ ಹೇಳು" ಎಂದಳು. ಅವ್ವ ಮಲಗುವಾಗ ಹೇಳಿಸುತ್ತಿದ್ದ ಹೀಬ್ರೂ ಪ್ರಾರ್ಥನೆಯನ್ನು ಹುಬ್ಬಳ್ಳಿಯ ರಾಗದಲ್ಲೇ ಹೇಳಿದೆ. ಮುದುಕಿ ಪೂರ್ತಿ ಕೇಳಿ ಬಾಗಿಲಿನ ಇನ್ನರ್ಧ ತೆರೆದಳು. ಅವಳೇ ರೈಸಾ. ಉಕ್ರೇನಿನ ಖಾರ್ಕಿವ್‌ನಲ್ಲಿ ರಸಾಯನಶಾಸ್ತ್ರದ ಶಿಕ್ಷಕಿಯಾಗಿದ್ದವಳು. ಅಲ್ಲಿ ಬರುತ್ತಿದ್ದವರಲ್ಲಿ ಬಹಳ ಜನ ಅವಳಂತೆ ಸೋವಿಯತ್ ಒಡೆದ ಮೇಲೆ ವಲಸೆ ಬಂದವರು. "ಏಪ್ರಿಲಿನಲ್ಲಿ ಪಸ್ಕ ಹಬ್ಬ. ಬಾ" ಎಂದಳು ರೈಸಾ. ಈಜಿಪ್ಟಿನ ದಾಸ್ಯದಿಂದ ನಮ್ಮವರು ಬಿಡುಗಡೆಯಾದ ನೆನಪಿನ ಊಟ ಅದು. ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಮಾಡಿರಲಿಲ್ಲ.

ಆ ಏಪ್ರಿಲಿನಲ್ಲಿ ಸುಮಂಗಲಾ ನಾಲ್ಕು ತಿಂಗಳ ಬಸುರಿ. ಬಸವರಾಜ ಕಂಪನಿಯ ಕೆಲಸದ ಮೇಲೆ ರೊಮೇನಿಯಾಕ್ಕೆ ಹೋಗಿದ್ದರು. ಹಬ್ಬದ ದಿನ ನಾನು ಮಧ್ಯಾಹ್ನವೇ ಆಫೀಸು ಬಿಟ್ಟು ಮನೆಗೆ ಬಂದು, ಅವ್ವನ ಬಿಳಿ ಸೀರೆ ಇಸ್ತ್ರಿ ಮಾಡುತ್ತಿದ್ದೆ. ನಾಲ್ಕು ಗಂಟೆಗೆ ಮೊಬೈಲ್ ಬಡಿಯಿತು.

"ಹೊಟ್ಟಿ ಹಿಡಕೊಂಡದ," ಎಂದಳು ಸುಮಂಗಲಾ. "ಸ್ವಲ್ಪ ಬರ್ತೀಯೇನು? ದವಾಖಾನಿಗೆ ಹೋಗೋಣಂತ. ನನಗ ಅವರ ಮಾತ ತಿಳಿಯಂಗಿಲ್ಲ."

ಅವಳ ದನಿಯಲ್ಲಿ ಗಾಬರಿ ಇರಲಿಲ್ಲ. ಅಥವಾ ಇದ್ದದ್ದು ನನಗೆ ಕೇಳಿಸಲಿಲ್ಲ. ಹಬ್ಬವಿದೆ ಎಂದರೆ ಯಾವ ಹಬ್ಬ ಎನ್ನುತ್ತಾಳೆ. ಅದಕ್ಕೆ ಉತ್ತರ ಹೇಳಿದರೆ ಎರಡೂವರೆ ವರ್ಷದ್ದೆಲ್ಲ ಹೇಳಬೇಕು. ಅಷ್ಟೆಲ್ಲ ಆ ಒಂದು ಕ್ಷಣದಲ್ಲಿ ತಲೆಯಲ್ಲಿ ಹಾದುಹೋಯಿತು.

"ಆಫೀಸಿನ್ಯಾಗ ಸಾಫ್ಟ್‌ವೇರ್ ರಿಲೀಸ್ ಅದ," ಎಂದೆ. "ಬಿಸಿನೀರ ಕುಡದ ಮಲಕೊ. ಮುಗದ ಕೂಡ್ಲೆ ಬರ್ತೀನಿ."

ಮೊಬೈಲ್ ಆರಿಸಿ, ಸೀರೆ ಉಟ್ಟು ಹೊರಟೆ. ಆ ಸಂಜೆ ರೈಸಾಳ ಪಕ್ಕ ಕುಳಿತು, ಬಿಡುಗಡೆಯ ಹಾಡುಗಳನ್ನು ಹಾಡಿದೆ. ಬಹಳ ಚೆನ್ನಾಗಿ ಹಾಡಿದೆ ಎಂದು ಎಲ್ಲರೂ ಹೇಳಿದರು.

ಮರುದಿನ ಬೆಳಿಗ್ಗೆ ಸುಮಂಗಲಾಳ ಮನೆಗೆ ಹೋದಾಗ ಬಾಗಿಲು ತೆರೆದ ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಣಿಕಟ್ಟಿನಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇತ್ತು.

"ನಿನ್ನೆ ಎಲ್ಲಿದ್ದಿ?" ಎಂದಳು.

"ಆಫೀಸಿನ್ಯಾಗ. ಹೇಳಿದ್ನಲ್ಲ, ರಿಲೀಸ್ ಅಂತ."

"ಆಫೀಸಿಗೆ ಫೋನ್ ಮಾಡಿದ್ದೆ. ಮಧ್ಯಾಹ್ನನ ಹೋದ್ಲು ಅಂದ್ರು."

ನನ್ನ ಕಣ್ಣು ಅವಳ ಮಣಿಕಟ್ಟಿನ ಪಟ್ಟಿಯ ಮೇಲೆ ಹೋಯಿತು.

"ಎಲ್ಲಿಗೆ ಹೋಗಿದ್ದಿ ಅಂತ ಕೇಳಂಗಿಲ್ಲ," ಎಂದಳು. "ಎಲ್ಲಿಗರ ಹೋಗು. ಆದ್ರ ಇನ್ನ ಈ ಮನೀಗೆ ಬರಬ್ಯಾಡ." ಬಾಗಿಲನ್ನು ಅವಳು ಬಡಿಯಲಿಲ್ಲ. ಮೆಲ್ಲಗೆ ಹಾಕಿಕೊಂಡಳು.

ಏನಾಗಿತ್ತೆಂದು ನನಗೆ ತಿಳಿದದ್ದು ಮೂರು ವಾರದ ಮೇಲೆ, ಆಫೀಸಿನ ಕ್ಯಾಂಟೀನಿನಲ್ಲಿ. ಬಸವರಾಜ ತಟ್ಟೆಯಲ್ಲಿನ ಆಲೂಗಡ್ಡೆಯನ್ನು ಫೋರ್ಕಿನಿಂದ ಅತ್ತಿತ್ತ ಸರಿಸುತ್ತ ಹೇಳಿದರು. ಅಂದು ಆರು ಗಂಟೆಗೆ ಸುಮಂಗಲಾ ಪೂಜಾಳ ಕೈಹಿಡಿದು ಟ್ಯಾಕ್ಸಿ ಹತ್ತಿ ಆಸ್ಪತ್ರೆಗೆ ಹೋದಳು. ಡಾಕ್ಟರು ಪರೀಕ್ಷಿಸಿ ತಮಗೆ ಬಂದ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಇವಳಿಗೆ ಅರ್ಥವಾಗಲಿಲ್ಲ, ಏನು ಏನು ಎಂದು ಮತ್ತೆ ಮತ್ತೆ ಕೇಳಿದಳು. ಡಾಕ್ಟರೂ ನರ್ಸೂ ತಮ್ಮತಮ್ಮೊಳಗೆ ಆಡಿಕೊಂಡ ಮಾತು ಕೇಳಿಸಿಕೊಂಡ ಪೂಜಾ ಅಮ್ಮನ ತೋಳು ಮುಟ್ಟಿ, "ಅವ್ವಾ, ಬೇಬಿ ಸತ್ತ ಹೋಗೇದಂತ" ಎಂದಳು.

"ಕೂಸು ಹೋತು ಅಂತಲ್ರಿ ಅಕೀಗೆ," ಎಂದರು ಬಸವರಾಜ. "ಆ ಮಾತು ಇಕೀ ಬಾಯಿಂದ ಬಂತಲ್ಲ. ಐದು ವರ್ಷದ ಹುಡುಗಿ ಬಾಯಿಂದ. ಅದನ್ನ ಅಕೀ ಕೈಲೆ ಮರಿಯಾಕ ಆಗವಲ್ದು."

ಆ ಬೇಸಿಗೆಯನ್ನು ಯುರೋಪಿನಲ್ಲಿದ್ದವರು ಯಾರೂ ಮರೆತಿರಲಾರರು. ಜೂನಿನಲ್ಲಿ ಹಿಡಿದ ಬಿಸಿಲು ಆಗಸ್ಟ್ ಮುಗಿಯುವವರೆಗೆ ಬಿಡಲಿಲ್ಲ. ಫ್ಯಾನ್ ಕಾಣದ ಊರು ಅದು, ಅಂಗಡಿಗಳಲ್ಲಿ ಫ್ಯಾನ್ ಖಾಲಿಯಾದವು. ಡ್ಯಾನ್ಯೂಬ್ ಬತ್ತುತ್ತ ಹೋಗಿ, ನಡುವೆ ಕಲ್ಲಿನ ದಿಬ್ಬಗಳು ಎದ್ದವು. ಸರಕಿನ ಹಡಗುಗಳು ಹಳೆಯ ಬಂದರಿನಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿ ನಿಂತವು. ಊರಿನವರು ನಿದ್ದೆಯಿಲ್ಲದೆ ಕೆಂಡವಾಗಿದ್ದರು. ನನಗೆ ಮಾತ್ರ ಆ ಬಿಸಿಲು ಹುಬ್ಬಳ್ಳಿಯದರಂತೆ ಪರಿಚಿತವಾಗಿತ್ತು, ಅದಕ್ಕೇ ಇನ್ನಷ್ಟು ಸಂಕಟವಾಗುತ್ತಿತ್ತು. ಸಂಜೆ ಹೊಳೆದಂಡೆಯಲ್ಲಿ ಒಬ್ಬಳೇ ಅಡ್ಡಾಡುತ್ತಿದ್ದೆ. ಎರಡು ಸಲ ಸುಮಂಗಲಾ ಪೂಜಾಳೊಂದಿಗೆ ಎದುರಾದಳು. ಪೂಜಾ ಕೈಬೀಸಿದಳು. ಸುಮಂಗಲಾ ನೀರಿನ ಕಡೆ ಮುಖ ತಿರುಗಿಸಿ ದಾಟಿದಳು. ನೀರಿಲ್ಲದೆ ರೊಬೀನಿಯಾ ಎಲೆಗಳು ಆಗಸ್ಟಿನಲ್ಲೇ ಹಳದಿಯಾಗತೊಡಗಿದವು.

ಶನಿವಾರಗಳಂದು ರೈಸಾಳ ಬಳಿ ಹೋಗುತ್ತಿದ್ದೆ. ಸೆಪ್ಟೆಂಬರ್ ಕೊನೆಗೆ ನಮ್ಮ ಹೊಸವರ್ಷ ಬಂತು. ಅಲ್ಲಿಂದ ಹತ್ತನೆಯ ದಿನ ವರ್ಷದ ದೊಡ್ಡ ಉಪವಾಸ, ಮಾಡಿದ ತಪ್ಪುಗಳಿಗೆಲ್ಲ ಕ್ಷಮೆ ಬೇಡುವ ದಿನ. ರೈಸಾಳಿಗೆ ಎಲ್ಲ ಹೇಳಿಕೊಂಡೆ. ಸುಮಂಗಲಾಳ ವಿಷಯ, ಸುಳ್ಳಿನ ವಿಷಯ. ಈ ಉಪವಾಸದಲ್ಲಿ ದೇವರಲ್ಲಿ ಬೇಡಿಕೊಳ್ಳುತ್ತೇನೆ ಎಂದೆ.

ರೈಸಾ ಚಹಾದ ಲೋಟ ಕೆಳಗಿಟ್ಟಳು. "ದೇವರ ಕೈಲಾಗುವುದಿಲ್ಲ," ಎಂದಳು ತನ್ನ ಒಡಕು ಜರ್ಮನ್‌ನಲ್ಲಿ. "ಅವನಿಗೆ ಮಾಡಿದ ತಪ್ಪನ್ನು ಅವನು ಕ್ಷಮಿಸುತ್ತಾನೆ. ಆ ಹೆಂಗಸಿಗೆ ಮಾಡಿದ್ದನ್ನು ಆ ಹೆಂಗಸೇ ಕ್ಷಮಿಸಬೇಕು. ಅದರಲ್ಲಿ ಅವನಿಗೆ ಅಧಿಕಾರವಿಲ್ಲ."

"ಅವಳು ಬಾಗಿಲು ತೆರೆಯುವುದಿಲ್ಲ."

"ಮೂರು ಸಲ ಕೇಳಬೇಕು ಅಂತ ನಿಯಮ. ನೀನು ಎಷ್ಟು ಸಲ ಕೇಳಿದ್ದೀಯ?"

ಒಂದು ಸಲವೂ ಕೇಳಿರಲಿಲ್ಲ.

ಆ ವಾರ ಅಪ್ಪನಿಗೆ ಫೋನ್ ಮಾಡಿದಾಗ ಅವರು, "ಈ ವರ್ಷ ಎರಡೂ ಕೂಡಿ ಬಂದಿವೆ ನೋಡು" ಎಂದರು. ಭಾನುವಾರ ದಸರೆ, ಅದೇ ಸಂಜೆ ಹೊತ್ತು ಮುಳುಗಿದೊಡನೆ ನಮ್ಮ ಉಪವಾಸ. ಅವರದೂ ದಶಮಿ, ನಮ್ಮದೂ ತಿಂಗಳ ಹತ್ತನೆಯ ದಿನ. ಅಧಿಕಮಾಸದ ಹಿಂದುಮುಂದಿನಿಂದ ಕೆಲವು ವರ್ಷ ದೂರವಾಗಿ, ಕೆಲವು ವರ್ಷ ಹೀಗೆ ಒಟ್ಟಿಗೆ ಬರುತ್ತವೆ. ನಮ್ಮ ಹಿರಿಯರು ಆ ಉಪವಾಸವನ್ನು ಬಾಗಿಲು ಮುಚ್ಚುವ ಹಬ್ಬವೆಂದೇ ಕರೆಯುತ್ತಿದ್ದರು. ಕದ ಹಾಕಿಕೊಂಡು, ಬಿಳಿ ಬಟ್ಟೆ ಉಟ್ಟು, ಹೊರಗಿನವರ ಜೊತೆ ಮಾತಿಲ್ಲದೆ ಒಂದು ಹಗಲು ಒಂದು ರಾತ್ರಿ. ಕಾಲೊನಿಯಲ್ಲಿ ಪಕ್ಕದ ಮನೆಯ ರೈಲ್ವೆ ಗಾರ್ಡಿಗೂ ಅಪ್ಪನಿಗೂ ನಲ್ಲಿಯ ನೀರಿನ ವಿಷಯಕ್ಕೆ ಜಗಳವಾಗಿ ಎಂಟು ತಿಂಗಳು ಮಾತು ನಿಂತಿತ್ತು. ಎರಡೂ ಹಬ್ಬ ಕೂಡಿ ಬಂದ ಆ ವರ್ಷ, ಅಪ್ಪ ಅಗುಳಿ ಹಾಕುವ ಹೊತ್ತಿಗೆ ಆ ಗಾರ್ಡ್ ಓಡುತ್ತ ಬಂದು, "ಕದಾ ಮುಚ್ಚೋದ್ರಾಗ ಬನ್ನಿ ತೊಗೊರಿ ಸಾಹೇಬ್ರ" ಎಂದು ಎಲೆ ಚಾಚಿದರು. ಅಪ್ಪ ಜನ್ಮದಲ್ಲಿ ಯಾರಿಗೂ ತಪ್ಪಾಯಿತು ಎಂದವರಲ್ಲ. ಎಲೆ ತೆಗೆದುಕೊಂಡರು, ಒಳಗೆ ಬಂದು ಕದ ಹಾಕಿ ಬಹಳ ಹೊತ್ತು ಅದನ್ನು ಹಿಡಿದು ಕುಳಿತಿದ್ದರು.

ಫೋನ್ ಇಟ್ಟ ಮೇಲೆ ನನಗೆ ಅದು ಹೊಳೆಯಿತು. ನಮ್ಮ ಹಬ್ಬ, ಹೋಗಿ ಕೇಳು ಎಂದು ಹೇಳುತ್ತದೆ. ಹೇಗೆ ಹೋಗಬೇಕು, ಏನು ಹಿಡಿದು ಆ ಬಾಗಿಲಲ್ಲಿ ನಿಲ್ಲಬೇಕು ಎಂಬುದನ್ನು ನಮ್ಮ ಮನೆಯವರು ಕಲಿತದ್ದು ಆ ಗಾರ್ಡಿನಿಂದ, ಕಾಲೊನಿಯ ದಸರೆಯಿಂದ. ಇಷ್ಟು ವರ್ಷ ನಾನು ಬನ್ನಿಯನ್ನು ನೆರೆಮನೆಯವರ ಹಬ್ಬ ಎಂದುಕೊಂಡಿದ್ದೆ.

ಭಾನುವಾರ ಮಧ್ಯಾಹ್ನ ಹೊಳೆದಂಡೆಗೆ ಹೋಗಿ ರೊಬೀನಿಯಾ ಎಲೆ ಕಿತ್ತೆ. ಬೀಟ್ ಗಡ್ಡೆಯ ಕಾಲ ಶುರುವಾಗಿ ಗಾಳಿಯೆಲ್ಲ ಸಿಹಿಯಾಗಿತ್ತು. ಮುಳ್ಳು ತಾಗಿ ಬೆರಳು ಹರಿಯಿತು. ಮೂರನೆಯ ಮಹಡಿ ಹತ್ತಿ ಗಂಟೆ ಒತ್ತಿದಾಗ ಬಾಗಿಲು ತೆರೆದವರು ಬಸವರಾಜ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಬರ್ರಿ" ಎಂದರು.

ಸುಮಂಗಲಾ ಹೋಳಿಗೆಯ ಹಿಟ್ಟಿನ ಕೈಯಲ್ಲೇ ಹೊರಬಂದಳು. ನಾನು ಚಪ್ಪಲಿ ಬಿಡದೆ ಅಲ್ಲೇ ನಿಂತಿದ್ದೆ.

"ಮೊದಲ ಒಂದು ಮಾತ ಹೇಳಬೇಕು," ಎಂದೆ. "ಅವತ್ತ ನಾ ಆಫೀಸಿನ್ಯಾಗ ಇರಲಿಲ್ಲ. ನಮ್ಮ ಮಂದಿ ಪ್ರಾರ್ಥನಾ ಮಾಡೋ ಜಾಗಾ ಅದ ಇಲ್ಲೆ. ಹಬ್ಬ ಇತ್ತು, ಅಲ್ಲಿಗೆ ಹೋಗಿದ್ದೆ. ನಾ ಕ್ರಿಶ್ಚನ್ ಅಲ್ಲ. ಯಹೂದಿ."

"ಹುಬ್ಬಳ್ಳ್ಯಾಗ ಶನಿವಾರದವರು ಅಂತಾರಲ್ಲ, ಅವರೇನು?" ಎಂದರು ಬಸವರಾಜ.

"ಹೌದ್ರಿ."

ಸುಮಂಗಲಾ ನನ್ನನ್ನೇ ನೋಡುತ್ತಿದ್ದಳು. "ಕೇಕ್ ಮಾಡಿ ತಂದಿದ್ದಿಯಲ್ಲ," ಎಂದಳು.

"ತಂದಿದ್ದೆ."

"ಯಾರಿಗೆ ಹೆದರಿದಿ? ನನಗ?"

"ಮೊದಲ ಈ ಊರಿಗೆ. ಆಮ್ಯಾಲೆ, ಇಷ್ಟ ದಿನ ಯಾಕ ಹೇಳಲಿಲ್ಲ ಅಂತ ನೀ ಕೇಳ್ತಿ ಅಂತ, ನಿನಗ." ಎಲೆ ಹಿಡಿದ ಕೈ ಮುಂದೆ ಮಾಡಿದೆ. "ತಪ್ಪಾತು. ಬನ್ನಿ ತೊಗೊ."

ಅವಳು ಕೈ ಚಾಚಲಿಲ್ಲ. "ನೀ ಯಾರರ ಇರು, ನನಗೇನು. ಅವತ್ತ ನನ್ನ ಕೂಸು ಆ ಮಾತ ಆಡಿತು. ಅದನ್ನ ಹ್ಯಾಂಗ ತಿರುಗಿ ತೊಗೋತಿ?"

"ಇವತ್ತ ಸಂಜೀಲಿಂದ ನಮ್ಮ ಉಪವಾಸ ಅದ. ಅದಕ್ಕ ಮೊದಲ ನಿನ್ನ ಕೇಳಬೇಕು..."

"ನಿನ್ನ ಉಪವಾಸ ನಡೀಬೇಕಂತ ನಾ ಕ್ಷಮಾ ಮಾಡಬೇಕೇನು?"

ನಾನು ನನ್ನ ಹೊರೆ ಇಳಿಸಿಕೊಳ್ಳಲು ಬಂದಿದ್ದೆ, ಅವಳದನ್ನು ನೋಡಲಿಕ್ಕಲ್ಲ. ಅದು ಅವಳಿಗೆ ಗೊತ್ತಾಗಿತ್ತು.

"ನನ್ನ ಕೇಳಬ್ಯಾಡ," ಎಂದಳು. "ಕೇಳೋದಿದ್ರ ಅಕೀನ್ನ ಕೇಳು."

ಪೂಜಾ ಕೋಣೆಯ ಬಾಗಿಲಲ್ಲಿ ಕ್ರೇಯಾನ್ ಹಿಡಿದು ನಿಂತಿದ್ದಳು. ನಾನು ಮಂಡಿಯೂರಿ ಕುಳಿತು ಅವಳಿಗೆ ತಿಳಿಯುವ ಹಾಗೆ ಜರ್ಮನ್‌ನಲ್ಲಿ ಹೇಳಿದೆ. ಆಸ್ಪತ್ರೆಗೆ ಅಂದು ನಾನು ಬರಬೇಕಿತ್ತು, ದೊಡ್ಡವರು ಆಡಬೇಕಾದ ಮಾತು ನಿನ್ನ ಪಾಲಿಗೆ ಬಂತು, ನನ್ನಿಂದ ತಪ್ಪಾಯಿತು. ಅವಳು ಕ್ರೇಯಾನಿನ ಕಾಗದ ಸುಲಿಯುತ್ತ ಕೇಳಿದಳು. ಆಮೇಲೆ ಜರ್ಮನ್‌ನಲ್ಲೇ, ತೀರ ಸಣ್ಣ ದನಿಯಲ್ಲಿ, "ನಾನು ತಪ್ಪಾಗಿ ಹೇಳಿದೆನಾ?" ಎಂದಳು.

"ಏನನ್ನು?"

"ಬೇಬಿದು. ಡಾಕ್ಟರ್ ಬೇರೆ ಏನೋ ಹೇಳಿದ್ದರೋ ಏನೋ. ನನಗೆ ಆ ದೊಡ್ಡ ಶಬ್ದ ಗೊತ್ತಿರಲಿಲ್ಲ. ನಾನು ಹಾಗೆ ಹೇಳಿದ ಮೇಲೆಯೇ ಬೇಬಿ ಬರಲಿಲ್ಲ."

"ಏನಂತಾಳ?" ಎಂದಳು ಸುಮಂಗಲಾ. ಮಗಳ ವೇಗದ ಜರ್ಮನ್ ಅವಳಿಗೆ ಸಿಕ್ಕಿರಲಿಲ್ಲ.

ಈ ಸಲ ಹೇಳಬೇಕಾದವಳು ನಾನು. ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ಸುಮಂಗಲಾ ಇದ್ದಲ್ಲೇ ನೆಲಕ್ಕೆ ಕುಳಿತಳು. ಆರು ತಿಂಗಳು ಆ ಹುಡುಗಿ ಇದನ್ನು ಒಳಗಿಟ್ಟುಕೊಂಡು ಕಿಂಡರ್‌ಗಾರ್ಟನ್‌ಗೆ ಹೋಗಿಬಂದಿದ್ದಳು.

"ದವಾಖಾನಿ ಕಾಗದ ಎಲ್ಲ್ಯದಾವ್ರಿ?" ಎಂದು ಬಸವರಾಜರನ್ನು ಕೇಳಿದೆ. ಇನ್ಶೂರೆನ್ಸಿಗೆಂದು ಫೈಲಿಗೆ ಸೇರಿಸಿಟ್ಟ ಪತ್ರವನ್ನು ಅವರು ತಂದುಕೊಟ್ಟರು. ಅದನ್ನು ಯಾರೂ ಓದಿರಲಿಲ್ಲ. ಓದುವ ಧೈರ್ಯ ಅವರಿಗೆ ಇರಲಿಲ್ಲ, ಓದಿ ಹೇಳಬೇಕಾದವಳು ಆ ಮನೆಗೆ ಬರುತ್ತಿರಲಿಲ್ಲ. ನೆಲದ ಮೇಲೆ ಕುಳಿತು ಒಂದೊಂದೇ ಸಾಲನ್ನು ಮೊದಲು ಪೂಜಾಳಿಗೆ ಜರ್ಮನ್‌ನಲ್ಲಿ ಬಿಡಿಸಿ ಹೇಳಿದೆ, ಆಮೇಲೆ ಸುಮಂಗಲಾಳಿಗೆ ಕನ್ನಡದಲ್ಲಿ. ಮಗುವಿನ ಎದೆಬಡಿತ ಒಂದು ವಾರ ಮೊದಲೇ ನಿಂತಿತ್ತು. ಕಾರಣ ತಿಳಿದಿಲ್ಲ. ತಾಯಿಯಿಂದ ಆದದ್ದೇನೂ ಅಲ್ಲ.

"ನೋಡು," ಎಂದು ಪೂಜಾಳಿಗೆ ಆ ಸಾಲು ತೋರಿಸಿದೆ. "ಡಾಕ್ಟರು ಬರೆದದ್ದೂ ನೀನು ಹೇಳಿದ್ದೂ ಒಂದೇ. ನೀನು ಸರಿಯಾಗಿಯೇ ಹೇಳಿದೆ. ಬೇಬಿ ಅದಕ್ಕಿಂತ ಮೊದಲೇ ಹೋಗಿತ್ತು."

ಪೂಜಾ ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದಳು, ಓದಲು ಇನ್ನೂ ಬಾರದಿದ್ದರೂ. "ಸರಿಯಾಗಿ ಹೇಳಿದೆ," ಎಂದು ತನಗೇ ಹೇಳಿಕೊಂಡು ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಕ್ರೇಯಾನು ಡಬ್ಬಿಯಿಂದ ಸುರಿದ ಸದ್ದು ಕೇಳಿತು.

"ಒಂದು ವಾರ ಮೊದಲ ಅಂದ್ರ ರಾಮನವಮಿ ಹೊತ್ತಿಗೆ," ಎಂದಳು ಸುಮಂಗಲಾ. "ಅವತ್ತ ಪಾನಕಾ ಕುಡದ ಎಷ್ಟ ನಕ್ಕಿದ್ವಿ ನಾವು." ಸೆರಗಿನಿಂದ ಮುಖ ಒರೆಸಿಕೊಂಡಳು. "ಕೂಸು ಹೋಗಿದ್ದಕ್ಕ ನೀ ಕಾರಣ ಅಲ್ಲಂತ ನನಗ ಅವತ್ತ ಗೊತ್ತಿತ್ತು, ರಾಹೇಲ. ಸಿಟ್ಟ ಅದಕ್ಕಲ್ಲ. ನಾ ಒಬ್ಬಾಕೀನ ಇದ್ದೆ."

"ಗೊತ್ತದ."

"ಗೊತ್ತಿರಲಿಲ್ಲ ನಿನಗ. ಈಗ ಗೊತ್ತಾತು."

ಅವಳು ಎದ್ದು ಅಡುಗೆಮನೆಗೆ ಹೋದಳು. ನಾನು ಹೊರಡಬೇಕೋ ನಿಲ್ಲಬೇಕೋ ತಿಳಿಯದೆ ಎಲೆಗಳನ್ನು ಚಪ್ಪಲಿಯ ಸ್ಟ್ಯಾಂಡಿನ ಮೇಲೆ ಇಡುತ್ತಿದ್ದಾಗ ಒಳಗಿನಿಂದ ದನಿ ಬಂತು. "ಉಪವಾಸ ಎಷ್ಟೊತ್ತಿಗೆ ಹಿಡೀತದ?"

"ಆರೂವರಿಗೆ. ಹೊತ್ತ ಮುಳುಗೋದ್ರಾಗ."

"ನೀರ?"

"ಅದೂ ಇಲ್ಲ. ನಾಳೆ ಸಂಜೀತನಕ."

"ಶಿವರಾತ್ರಿಗೆ ನಾವು ಹಣ್ಣರ ತಿಂತೀವಿ," ಎಂದಳು. "ಚಪ್ಪಲ್ ಬಿಡು. ಉಂಡ ಹೋಗು."

ಹೋಳಿಗೆ, ತುಪ್ಪ, ಕಟ್ಟಿನ ಸಾರು. ಅವಳು ಮಾತಾಡದೆ ಬಡಿಸಿದಳು, ಸಾಕೆಂದರೂ ನಿಲ್ಲಿಸಲಿಲ್ಲ. ಗಡಿಯಾರ ನೋಡಿ ನೋಡಿ ಮೂರು ಲೋಟ ನೀರು ಕುಡಿಸಿದಳು. ನಾನು ಕೈತೊಳೆದು ಬಂದ ಮೇಲೆ, ಚಪ್ಪಲಿಯ ಸ್ಟ್ಯಾಂಡಿನಿಂದ ಎಲೆಗಳನ್ನು ತಾನೇ ಎತ್ತಿಕೊಂಡಳು. ಅರ್ಧ ತನ್ನಲ್ಲಿಟ್ಟುಕೊಂಡು ಅರ್ಧ ನನ್ನ ಕೈಗಿಟ್ಟಳು. "ಬಂಗಾರಧಂಗ," ಎಂದು ಅಲ್ಲಿಗೇ ನಿಲ್ಲಿಸಿದಳು. ಉಳಿದದ್ದನ್ನು ನಾನು ಹೇಳಿದೆ. ಹಿರಿಯಳೆಂದು ಅವಳ ಕಾಲು ಮುಟ್ಟಿದೆ.

ಹೊರಡುವಾಗ ಮೆಟ್ಟಿಲತನಕ ಬಂದಳು. ಬಸವರಾಜರಿಗೆ ಕೇಳಿಸದಷ್ಟು ಮೆಲ್ಲಗೆ, "ಸತ್ತವರ ಸಲುವಾಗಿ ನಿಮ್ಮಲ್ಲೆ ಏನರ ಹೇಳ್ತೀರೇನು?" ಎಂದಳು.

"ಹೇಳ್ತೀವಿ. ನಾಳೆ ಹೇಳ್ತಾರ. ನಾ ನಮ್ಮವ್ವನ ಹೆಸರ ಹೇಳಬೇಕು."

"ಹೆಸರ ಬೇಕ ಏನು?"

"ಬೇಕು."

ಅವಳು ಕಟಕಟೆ ಹಿಡಿದು ಕೆಳಗೆ ನೋಡಿದಳು. "ಹೆಣ್ಣಂತ ನನಗ ಅನಿಸಿತ್ತು. ಗೌರಿ ಅಂತ ಇಡಬೇಕು ಅನಕೊಂಡಿದ್ದೆ, ನಮ್ಮವ್ವನ ಹೆಸರು. ಇವರಿಗೂ ಹೇಳಿಲ್ಲ. ಕೂಸು ಬರದ ಹೆಸರ ಹ್ಯಾಂಗ ಹೇಳೋದಂತ."

ಮರುವರ್ಷ ನಾನು ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನ ಕಂಪನಿಯೊಂದಕ್ಕೆ ಹೋದೆ. ಗ್ರೀನ್ ಕಾರ್ಡಿನ ಅವಧಿ ಮುಗಿದ ಮೇಲೆ ಅಪ್ಪನ ಬಳಿ ಹುಬ್ಬಳ್ಳಿಗೆ ಬಂದೆ, ಮದುವೆಯಾಗಿ ಬೆಳಗಾವಿಗೆ. ಸುಮಂಗಲಾ ಅಲ್ಲೇ ಉಳಿದಳು. ಪೂಜಾಳಿಗೆ ಈಗ ಕನ್ನಡ ಅಷ್ಟಕ್ಕಷ್ಟೆ. ದಸರೆಯ ದಿನ ಫೋನ್ ತಪ್ಪುವುದಿಲ್ಲ, ಎರಡು ಹಬ್ಬ ಕೂಡಿ ಬಂದ ವರ್ಷ ಹೊತ್ತು ಮುಳುಗುವ ಮೊದಲೇ ಅವಳ ಫೋನ್ ಬರುತ್ತದೆ. ಬನ್ನಿ ಈಗ ನನ್ನ ಮನೆಯ ಹಬ್ಬವೂ ಹೌದು. ವರ್ಷವಿಡೀ ಯಾರ ಬಾಗಿಲಿಗೆ ಹೋಗಲು ಕಾಲು ಏಳಲಿಲ್ಲವೋ ಅಲ್ಲಿಗೆ ಅಂದು ಎಲೆ ಹಿಡಿದು ಹೋಗುತ್ತೇನೆ. ಕೆಲವರು ತೆಗೆದುಕೊಳ್ಳುತ್ತಾರೆ, ಕೆಲವರು ಇಲ್ಲ.

ಆ ಸೋಮವಾರದ್ದು ಇನ್ನೊಂದಿಷ್ಟು ಹೇಳುವುದಿದೆ. ಉಪವಾಸದ ಮಧ್ಯಾಹ್ನ, ಸತ್ತವರನ್ನು ನೆನೆಯುವ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತರು. ತಂದೆತಾಯಿ ಇಬ್ಬರೂ ಬದುಕಿರುವವರು ಹೊರಗೆ ಹೋದರು, ಅಲ್ಲಿನ ವಾಡಿಕೆ ಹಾಗೆ. ಹೆಂಗಸರ ಸಾಲಿನಲ್ಲಿ ರೈಸಾ ನನ್ನ ಪಕ್ಕದಲ್ಲಿದ್ದಳು. ಅವಳದು ಉದ್ದ ಪಟ್ಟಿ, ಕಾಗದ ನೋಡದೆ ಹೇಳುತ್ತಾಳೆ, ಅವರಲ್ಲಿ ಬಹಳ ಮಂದಿಗೆ ಗೋರಿಯೂ ಇಲ್ಲ. ನಾನು ಅವ್ವನ ಹೆಸರು ಹೇಳಿದೆ. ಆಮೇಲೆ ಇನ್ನೊಂದು ಹೆಸರು ಹೇಳಿದೆ.

ರೈಸಾ ತನ್ನ ಪಟ್ಟಿ ನಿಲ್ಲಿಸಿ ನನ್ನ ಕಡೆ ಬಾಗಿದಳು. "ಅದು ನಮ್ಮವರ ಹೆಸರಲ್ಲ. ಯಾರು?"

"ನನ್ನ ಅಕ್ಕನ ಮಗು," ಎಂದೆ. "ಹುಟ್ಟಲಿಲ್ಲ."

ಅವಳು ಏನೋ ಕೇಳುವವಳಿದ್ದಳು, ಕೇಳಲಿಲ್ಲ. "ಇನ್ನೊಮ್ಮೆ ಹೇಳು," ಎಂದಳು. "ನಿಧಾನವಾಗಿ."

"ಗೌರಿ."

ರೈಸಾ ಪುಸ್ತಕವನ್ನು ಎದೆಗೊತ್ತಿ ಕಣ್ಣು ಮುಚ್ಚಿದಳು. ತನ್ನವರ ಹೆಸರುಗಳನ್ನು ಬಿಟ್ಟಲ್ಲಿಂದ ಮುಂದುವರಿಸಿದಳು, ಒಂದಾದ ಮೇಲೊಂದು, ಬಹಳ ಹೊತ್ತು. ಕೊನೆಯಲ್ಲಿ ತನ್ನ ರಷ್ಯನ್ ನಾಲಿಗೆಯಲ್ಲಿ, "ಗಾವುರಿ" ಎಂದಳು.